ಬೇರೆ ದೇಶದ ಬ್ಯಾಂಕಿನಿಂದ ದಾಖಲೆ ತರಿಸೋದು ಹೇಗೆ?

ಹೊಸ_ವಕೀಲ:
ವಂಚನೆ ಕೇಸೊಂದರಲ್ಲಿ ಪ್ರಾಸಿಕ್ಯೂಟರ್‌ಗೆ ನೆರವಾಗುತ್ತಿದ್ದೇನೆ. ದುಡ್ಡು ಹೊರದೇಶದ ಖಾತೆಗೆ ಹೋಗಿದೆ, ಇಮೇಲ್ ಇರೋದು ಮತ್ತೊಂದು ದೇಶದ ಕಂಪನಿ ಹತ್ತಿರ. ಖಾತೆ ಯಾರದ್ದು ಅಂತ ಅಲ್ಲಿನ ಪೊಲೀಸರು ನಮ್ಮ ತನಿಖಾಧಿಕಾರಿಗೆ ಆಗಲೇ ಹೇಳಿದ್ದಾರೆ. ಇಷ್ಟು ಸಾಕಲ್ವಾ? ಎಂಎಲ್‌ಎಟಿ (ಅಪರಾಧ ಕೇಸುಗಳಲ್ಲಿ ದೇಶಗಳು ಪರಸ್ಪರ ಕಾನೂನು ನೆರವು ಕೊಡುವ ಒಪ್ಪಂದ) ದಾರಿಯಲ್ಲೇ ಹೋಗಿ ತಿಂಗಳುಗಟ್ಟಲೆ ಕಾಯಬೇಕಾ?

ಕಡತ_ಕಟ್ಟು:
ಸಾಲದು. ಪೊಲೀಸರು ಪೊಲೀಸರಿಗೆ ಹೇಳಿದ್ದು ಸುಳಿವು ಅಷ್ಟೇ. ಇಂಟರ್‌ಪೋಲ್ ಮೂಲಕ ಬಂದದ್ದೂ ಸಾಮಾನ್ಯವಾಗಿ ಹಾಗೇ. ಹಣಕಾಸು ಗುಪ್ತಚರ ಘಟಕಗಳು ಎಗ್ಮಾಂಟ್ ಜಾಲದಲ್ಲಿ (ಅಂದರೆ ಬೇರೆ ಬೇರೆ ದೇಶಗಳ ಇಂಥ ಘಟಕಗಳ ಕೂಟದಲ್ಲಿ) ಹಂಚಿಕೊಂಡ ಮಾಹಿತಿಯನ್ನಂತೂ, ಕೊಟ್ಟವರ ಒಪ್ಪಿಗೆ ಇಲ್ಲದೆ ಕೋರ್ಟಿಗೆ ಹಾಕುವ ಹಾಗೇ ಇಲ್ಲ. ಆದರೆ ಆ ಸುಳಿವು ವ್ಯರ್ಥ ಅಲ್ಲ. ಏನು ಕೇಳಬೇಕು ಅಂತ ಅದರಿಂದಲೇ ಗೊತ್ತಾಗೋದು. ಕೋರ್ಟಿಗೆ ಬೇಕಾದ ದೃಢೀಕೃತ ಪ್ರತಿ ಮಾತ್ರ ಅಧಿಕೃತ ಕೋರಿಕೆಯಿಂದಲೇ ಬರಬೇಕು.

ಲಾಗ್_ನೋಡುವವ:
ಮೊದಲು ಇಮೇಲ್ ಡೇಟಾ ಅಳಿಸಿ ಹೋಗದ ಹಾಗೆ ನೋಡಿಕೊಳ್ಳಿ, ಪತ್ರ ಆಮೇಲೆ ಬರೆಯಬಹುದು. ಎರಡೂ ದೇಶ ಸೈಬರ್ ಅಪರಾಧದ ಬಗೆಗಿನ 2001ರ ಬುಡಾಪೆಸ್ಟ್ ಒಪ್ಪಂದದಲ್ಲಿದ್ದರೆ ದಿನದ 24 ಗಂಟೆಯೂ ತೆರೆದಿರುವ ಸಂಪರ್ಕ ಕೇಂದ್ರದ ಮೂಲಕ ಡೇಟಾ ಕಾದಿಡಲು ಕೇಳಬಹುದು, ಹಾಗೆ ಕಾದಿಟ್ಟದ್ದು ಕನಿಷ್ಠ 60 ದಿನ ಇರಬೇಕು, ಅಷ್ಟರೊಳಗೆ ನಿಮ್ಮ ಅಧಿಕೃತ ಕೋರಿಕೆ ಅಲ್ಲಿಗೆ ತಲುಪಿರಬೇಕು. ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಬರೆಯುವಾಗ ಸಮಯವನ್ನು ಸೆಕೆಂಡ್‌ವರೆಗೆ, ಯುಟಿಸಿಯಲ್ಲೇ (ಎಲ್ಲ ದೇಶಕ್ಕೂ ಒಂದೇ ಆದ ಪ್ರಮಾಣಿತ ಸಮಯದಲ್ಲೇ) ಬರೆಯಿರಿ. ಪೋರ್ಟ್ ಸಂಖ್ಯೆ (ಒಂದೇ ಐಪಿಯಲ್ಲಿರುವ ಬೇರೆ ಬೇರೆ ಸಂಪರ್ಕಗಳನ್ನು ಬಿಡಿಸಿ ತೋರಿಸುವ ಸಂಖ್ಯೆ) ಇದ್ದರೆ ಅದನ್ನೂ ಸೇರಿಸಿ. ಒಂದೇ ಐಪಿಯನ್ನು ಒಂದೇ ಹೊತ್ತಿಗೆ ತುಂಬ ಜನ ಬಳಸುತ್ತಾರೆ, ಪೋರ್ಟ್ ಇಲ್ಲದಿದ್ದರೆ ಯಾರೋ ನಿರಪರಾಧಿಯ ಮನೆ ಬಾಗಿಲು ತಟ್ಟಬೇಕಾಗುತ್ತೆ.

ಹೊಸ_ವಕೀಲ:
ಇದು ತುಂಬ ಉಪಯೋಗ ಆಯ್ತು. ಬ್ಯಾಂಕಿನವರು ಗೌಪ್ಯತೆ ಅಂತ ಕೊಡದಿದ್ದರೆ?

ಕಡತ_ಕಟ್ಟು:
ಸಂಘಟಿತ ಅಪರಾಧದ ಬಗ್ಗೆ 2000ದ ವಿಶ್ವಸಂಸ್ಥೆ ಒಪ್ಪಂದ ನಿಮ್ಮ ಕೇಸಿಗೆ ಅನ್ವಯಿಸಿದರೆ, ಬ್ಯಾಂಕ್ ಗೌಪ್ಯತೆ ಒಂದನ್ನೇ ಕಾರಣ ಕೊಟ್ಟು ಆ ದೇಶ ನೆರವು ನಿರಾಕರಿಸುವ ಹಾಗಿಲ್ಲ, 18ನೇ ವಿಧಿ ನೋಡಿ. ನನ್ನ ಪ್ರಕಾರ ಜಾಸ್ತಿ ಕೋರಿಕೆಗಳು ಬಿದ್ದುಹೋಗೋದು ಗೌಪ್ಯತೆಯಿಂದಲ್ಲ, ಬರವಣಿಗೆಯಿಂದ. "ಆರೋಪಿಯ ಎಲ್ಲ ಖಾತೆಗಳ ಎಲ್ಲ ದಾಖಲೆ ಕೊಡಿ" ಅಂದರೆ ಸುಮ್ನೆ ಬಲೆ ಬೀಸಿದ್ದಾರೆ ಅಂತ ವಾಪಸ್ ಕಳಿಸುತ್ತಾರೆ. ಖಾತೆ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಖಾತೆ ತೆರೆದ ಅರ್ಜಿ, ಗುರುತಿನ ದಾಖಲೆ, ಆ ವರ್ಗಾವಣೆಯ ಸ್ವಿಫ್ಟ್ ಸಂದೇಶ (ಹಣ ಕಳಿಸುವಾಗ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸಂದೇಶ), ಹೀಗೆ ಹೆಸರಿಟ್ಟು ಕೇಳಿ. ಪ್ರತಿಯೊಂದರಿಂದ ಏನು ಸಾಬೀತಾಗುತ್ತೆ ಅಂತ ಒಂದು ಸಾಲು ಬರೆಯಿರಿ. ಆರೋಪಿ ಏನು ಮಾಡಿದ ಅನ್ನೋದನ್ನು ಬಿಡಿಸಿ ಹೇಳಿ, ಬರೀ ಸೆಕ್ಷನ್ ಸಂಖ್ಯೆ ಬರೆದರೆ ಅದು ತಮ್ಮಲ್ಲೂ ಅಪರಾಧವಾ ಅಂತ ಅವರು ತೂಗಿ ನೋಡೋದು ಹೇಗೆ?

ಗಡಿಯಾಚೆ:
ಒಂದು ಸೇರಿಸುತ್ತೇನೆ. ಕೆಲವು ದೇಶಗಳಲ್ಲಿ ದಾಖಲೆ ಕೊಡುವ ಮೊದಲು ಖಾತೆದಾರನಿಗೆ ತಿಳಿಸುತ್ತಾರೆ. ಅವನಿಗೆ ಗೊತ್ತಾದರೆ ಉಳಿದ ದುಡ್ಡೂ ಮಾಯ. ಗುಟ್ಟಾಗಿಡಿ ಅಂತ ಮೊದಲ ಪುಟದಲ್ಲೇ ಬರೆದು ಕಾರಣ ಕೊಡಿ. ಕಳಿಸುವ ಮೊದಲು ಕರಡನ್ನು ಅಲ್ಲಿನ ಕೇಂದ್ರ ಪ್ರಾಧಿಕಾರಕ್ಕೆ (ಇಂಥ ಕೋರಿಕೆಗಳನ್ನು ಸ್ವೀಕರಿಸುವ ಆ ದೇಶದ ಸರ್ಕಾರಿ ಕಚೇರಿಗೆ) ತೋರಿಸಿ, ತುಂಬ ಕಡೆ ಓದಿ ತಿದ್ದಿ ಹೇಳುತ್ತಾರೆ. ಇನ್ನೊಂದು, ಸಿಕ್ಕ ದಾಖಲೆಯನ್ನು ಬೇರೆ ಕೇಸಿಗೆ ಬಳಸಬೇಕಾದರೆ ಅವರ ಒಪ್ಪಿಗೆ ಮತ್ತೆ ಕೇಳಬೇಕು.