ಪೇರಂಟ್, ಪರೆಂಟಲ್, ಪೇರಂಟ್‌ಹುಡ್: ಒತ್ತು ಯಾವಾಗ ಸರಿತದ? (ಒಂದು ಚರ್ಚಿ; ಮಾತಿನ ಮೊದಲಿಗಿರೋದು ಬರೆದವರ ಅಡ್ಡಹೆಸರು)

ಸೇಡಂ ರೋಡ್: ಕಲಬುರಗಿ ಕಡಿ ಹೈಸ್ಕೂಲ್ ಹುಡುಗರಿಗೆ ಇಂಗ್ಲಿಷಿನ ನೆಂಟಸ್ತನದ ಪದಗಳ ಉಚ್ಚಾರ ಹೇಳಿಕೊಡಬೇಕಾಗ್ಯದ. ಮದರ್, ಸಿಸ್ಟರ್ ಸುಲಭ, ಒತ್ತು, ಅಂದ್ರ ಜೋರು ಮಾಡಿ ಅನ್ನೋದು, ಮೊದಲನೇ ಸಿಲಬಲ್ (ಉಚ್ಚಾರದ ತುಣುಕು) ಮ್ಯಾಲೇ. ಆದರ 'ಪೇರಂಟ್' ಹೋಗಿ 'ಪರೆಂಟಲ್' ಆದಾಗ ಒತ್ತು ಸರಿತದ, 'ಪೇರಂಟ್‌ಹುಡ್' ಆದಾಗ ಕದಲಂಗಿಲ್ಲ. ನಿಯಮ ಏನರ ಅದ ಏನ್ರಿ? 'ಮದರ್-ಇನ್-ಲಾ' ಬಹುವಚನನೂ ಹೇಳ್ರಿ.

ಬಿದ್ರಿ ಕೆಲಸ: ಎಲ್ಲಾ ಪ್ರತ್ಯಯದ ಮ್ಯಾಲ ನಿಂತದ. ಹುಡ್, ಶಿಪ್, ಲೆಸ್ ಇಂಗ್ಲಿಷಿನ ಹಳೇ ಪ್ರತ್ಯಯ, ಒತ್ತು ಮುಟ್ಟಂಗಿಲ್ಲ: ಮದರ್‌ಹುಡ್, ಫಾದರ್‌ಲೆಸ್. ಲ್ಯಾಟಿನ್ ಮೂಲದ 'ಅಲ್', 'ಇಟಿ' ಬಂದರ ಒತ್ತಿನ ಜಾಗ ಬದಲಾಗಬಹುದು.

'ಅಲ್' ಲೆಕ್ಕಕ್ಕ ನಮ್ಮ ಛಂದಸ್ಸಿನ ಗುರು-ಲಘು ಸಾಕು. ಕೊನೇದರ ಹಿಂದಿನ ಸಿಲಬಲ್ ಗುರು ಇದ್ದರ ಒತ್ತು ಅಲ್ಲೇ: ಪ-ರೆನ್-ಟಲ್, ಮ-ಟರ್-ನಲ್. ಲಘು ಇದ್ದರ ಇನ್ನೊಂದು ಹೆಜ್ಜಿ ಹಿಂದಕ್ಕ: ಫ-ಮಿ-ಲಿ-ಅಲ್. 'ಇಟಿ' ಇನ್ನೂ ಸರಳ, ಅದರ ಹಿಂದಿನ ಸಿಲಬಲ್ಲೇ: ಫ-ಮಿ-ಲಿ-ಆ್ಯ-ರಿ-ಟಿ.

ಹುಡುಗರು ತಪ್ಪೋದು ಇದರ ಮುಂದ. ಒತ್ತು ಬಿಟ್ಟುಹೋದ ಜಾಗದ ಸ್ವರ ಸವೀಬೇಕು. ಫ್ಯಾ-ಮಿ-ಲಿ ಒಳಗಿನ 'ಫ್ಯಾ', ಫಮಿಲಿಯರ್ ಒಳಗ ಬರೇ 'ಫ'. ಒತ್ತು ಸರಿಸಿ 'ಫ್ಯಾ'ನೂ ಹಂಗೇ ಇಟ್ಟರ ಎರಡು ಕಡಿ ಒತ್ತು ಬಿದ್ದಂಗ ಕೇಳ್ತದ.

ಶಹಾಬಾದ್ ಕಲ್ಲು: ಜೋಡುಪದದಾಗ ಒತ್ತು ಮೊದಲ ಪದಕ್ಕ: ಸ್ಟೆಪ್‌ಮದರ್, ಗ್ರ್ಯಾಂಡ್‌ಮದರ್. ಮಾತಾಡುವಾಗ 'ಗ್ರ್ಯಾಂಡ್' ಒಳಗಿನ 'ಡ್' ಬಿದ್ದುಹೋಗ್ತದ, ತಪ್ಪಲ್ಲ. 'ಗ್ರೇಟ್' ಸೇರಿಸಿದರೂ ಮುಖ್ಯ ಒತ್ತು 'ಗ್ರ್ಯಾಂಡ್' ಮ್ಯಾಲೇ.

'ಇಸ್ಕೂಲ್' ಅನ್ನೋರು 'ಇಸ್ಟೆಪ್‌ಮದರ್' ಅಂತಾರ; ಮೂರು ಸಿಲಬಲ್ ನಾಕಾಗಿ ಎಣಿಕಿ ಕೆಡ್ತದ. ಮೊದಲು 'ಸ್ಸ್ಸ್' ಅಂತ ಎಳಸ್ರಿ, ಉಸಿರು ಬಿಡದಂಗ 'ಟೆಪ್' ಅನಸ್ರಿ.

ಬಹುವಚನ 'ಮದರ್ಸ್-ಇನ್-ಲಾ', ಯಾಕಂದ್ರ ಮುಖ್ಯ ನಾಮಪದ ಮದರ್. 'ಅತ್ತಿಯ ಮನಿ' ಅನ್ನಬೇಕಾದರ ಮಾತ್ರ 'ಸ್' ಕೊನಿಗೆ: 'ಮದರ್-ಇನ್-ಲಾಸ್ ಹೌಸ್'. ಒಂಟಿ 'ಇನ್-ಲಾಸ್' ಅಂದಾಗ ಬಹುವಚನದ 'ಸ್' ಸಹಿತ ಕೊನಿಗೇ. ಇಷ್ಟು ಗೊಂದಲ ಇಂಗ್ಲಿಷಿನೋರೇ ಮಾಡಿಟ್ಟದ್ದು.

ಹುಮನಾಬಾದಿ: ಒಂದು ಮಾತು ರೀ. ಪ್ರತಿ ಸಿಲಬಲ್‌ಗೂ ಚಪ್ಪಾಳಿ ಹೊಡಸಬ್ಯಾಡ್ರಿ, ಕನ್ನಡದ ಸಮ ನಡಿಗಿನೇ ಬಾಯಾಗ ಕುಂತುಬಿಡ್ತದ. ಒತ್ತಿದ್ದಲ್ಲಿ ಒಂದೇ ಸಲ ಡೆಸ್ಕ್ ಬಡಸ್ರಿ. 'ನೀಸ್' ಒಂದೇ ಸಿಲಬಲ್, 'ನೀಸು' ಅಂದರ ಎರಡಾಗ್ತದ.

ಸೇಡಂ ರೋಡ್: ಛಲೋ ಆಯ್ತು. 'ರಿಲೇಶನ್‌ಶಿಪ್'?

ಬಿದ್ರಿ ಕೆಲಸ: ರೆ-ಲ-ಟಿವ್ ಒಳಗ ಮೊದಲನೇದು. 'ಶನ್' ಬಂದರ ಅದರ ಹಿಂದಿನದು: ರಿ-ಲೇ-ಶನ್. ಮುಂದ 'ಶಿಪ್' ಹಚ್ಚಿದರೂ ಅಲ್ಲೇ ಇರ್ತದ.