ಊರು ಬದಲಾಗದ ‘ಟ್ರಾನ್ಸ್‌ಫರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಇಂಗ್ಲೆಂಡಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿನ ಅಡುಗೆ ಗುತ್ತಿಗೆ ಈಚೆಗೆ ಬೇರೊಂದು ಕಂಪನಿಗೆ ಹೋಯಿತು. “ನಾವೆಲ್ಲ ಟ್ರಾನ್ಸ್‌ಫರ್ ಆದ್ವಿ” ಅಂತ ಫೋನಿನಲ್ಲಿ ಹೇಳಿದರೆ ಹಾಸನದಲ್ಲಿರುವ ಅಮ್ಮ, “ಯಾವೂರಿಗೆ ಹಾಕಿದ್ರೇ?” ಅಂದರು. “ಯಾವೂರಿಗೂ ಇಲ್ಲಮ್ಮ. ಅದೇ ಒಲೆ, ಅದೇ ಪಾತ್ರೆ. ಏಪ್ರನ್ ಮೇಲಿನ ಹೆಸರು ಬೇರೆ, ಅಷ್ಟೆ.”

ಅವಳಿಗೆ ಬಂದ ಪತ್ರವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಹೋಗಿ ನಾನೇ ಸಿಕ್ಕಿಬಿದ್ದೆ. ವರ್ಗಾವಣೆ ಅಂದರೆ ನಮ್ಮಲ್ಲಿ ಆಳು ಹೋಗುತ್ತಾನೆ, ಧಣಿ ಇದ್ದಲ್ಲೇ ಇರುತ್ತಾನೆ. ಇಲ್ಲಿ ತಿರುವುಮುರುವು. ಬ್ರಿಟನ್ನಿನಲ್ಲಿ ಇದಕ್ಕೆಂದೇ ನಿಯಮಗಳಿವೆ; ಮೊದಲು ಬಂದದ್ದು 1981ರಲ್ಲಿ, ಈಗಿರುವುದು 2006ರದು. ‘ಟ್ರಾನ್ಸ್‌ಫರ್ ಆಫ್ ಅಂಡರ್‌ಟೇಕಿಂಗ್ಸ್ (ಪ್ರೊಟೆಕ್ಷನ್ ಆಫ್ ಎಂಪ್ಲಾಯ್‌ಮೆಂಟ್)’ ಅಂತ ಹೆಸರು, ಜನ ಚಿಕ್ಕದಾಗಿ ‘ಟ್ಯೂಪಿ’ ಅನ್ನುತ್ತಾರೆ. ಸಂಬಳ, ರಜೆ, ಕೆಲಸಕ್ಕೆ ಸೇರಿದ ತಾರೀಖು ಎಲ್ಲವೂ ಹೊಸ ಕಂಪನಿಯ ತಲೆಗೆ ಬರುತ್ತವೆ (ಕಂಪನಿ ಪಿಂಚಣಿಯ ಬಹುಭಾಗ ಬಿಟ್ಟು).

‘ಹಸ್ತಾಂತರ’ ಹತ್ತಿರದ ಮಾತು. ಭಾಷಾಂತರ, ಪಕ್ಷಾಂತರಗಳಲ್ಲಿರುವಂತೆ ಇಲ್ಲೂ ‘ಅಂತರ’ ಅಂದರೆ ಬೇರೊಂದು. ಗುತ್ತಿಗೆ ಹಸ್ತಾಂತರವಾಯಿತು ಅನ್ನಲು ಅಡ್ಡಿಯಿಲ್ಲ. ಆದರೆ ‘ನೌಕರರ ಹಸ್ತಾಂತರ’ ಅಂದ ಕೂಡಲೇ ಬೀಗದಕೈ ಗೊಂಚಲು ಕೊಟ್ಟ ಹಾಗೆ ಕೇಳುತ್ತದೆ. ‘ಸೇವಾ ಹಸ್ತಾಂತರ’ ಇನ್ನೂ ತೊಡಕು: ಅಡುಗೆಯೂ ಸೇವೆ, ಅವಳ ಒಂಬತ್ತು ವರ್ಷದ ಸರ್ವೀಸೂ ಸೇವೆ.

ಇನ್ನು ‘ಸೇವಾ ಷರತ್ತುಗಳ ರಕ್ಷಣೆ’. ಸರ್ಕಾರಿ ಕನ್ನಡದಲ್ಲಿ ಇದು ನೆಲೆನಿಂತ ಪ್ರಯೋಗ. ನನ್ನ ಕಿವಿಗೆ ಮಾತ್ರ ಷರತ್ತು ಅಂದರೆ ಮೇಲಿನವನು ಹಾಕುವಂಥದ್ದು. ಅದನ್ನು ರಕ್ಷಿಸಿ ಅಂತ ಯಾರು ಕೇಳುತ್ತಾರೆ? ‘ಕರಾರು’ ಇಬ್ಬರಿಗೂ ಸೇರಿದ್ದು. (ಅನುವಾದದ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದೆ. ‘ಅಂಡರ್‌ಟೇಕಿಂಗ್’ ಅನ್ನು ಅದು ‘ಮುಚ್ಚಳಿಕೆ’ ಮಾಡಿತು! ಉದ್ದಿಮೆ ಅಂದರೆ ಮುಗಿಯುತ್ತಿತ್ತು.)

ನನಗೆ ಹೊಳೆದದ್ದು ಜಮೀನಿನ ಭಾಷೆ. ಸಾಲವಿರುವ ಹೊಲ ಕೊಂಡರೆ ಋಣಭಾರವೂ ಜೊತೆಗೇ ಬರುತ್ತದೆ, ಮಾರಿದವನ ಹಿಂದೆ ಹೋಗುವುದಿಲ್ಲ. ಹಳೇ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಶುರುವಾಗುವ ಅಷ್ಟಭೋಗದ ಪಟ್ಟಿಯೂ ಇದೇ ಕೆಲಸ ಮಾಡುತ್ತದೆ: ನೆಲಕ್ಕೆ ಅಂಟಿದ್ದು ನೆಲದ ಜೊತೆ. ಹಾಗಾಗಿ ಅಮ್ಮನಿಗೆ, “ಗುತ್ತಿಗೆ ಕೈ ಬದಲಾಯ್ತು, ಕರಾರು ಸಮೇತ” ಅಂದೆ. ಥಟ್ಟನೆ ಅರ್ಥವಾಯಿತು. ಬರವಣಿಗೆಗೆ ‘ಕರಾರು ಸಮೇತ ಹಸ್ತಾಂತರ’ ನಡೆದೀತೇ?

ಒಂದು ತಕರಾರನ್ನು ನಾನೇ ಎತ್ತಿಬಿಡುತ್ತೇನೆ. ನಮ್ಮ ಕಾನೂನಿನ ನಡೆ ಬೇರೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಎಫ್‌ಎಫ್ ಕಲಮಿನ ಪ್ರಕಾರ ಉದ್ದಿಮೆ ಕೈ ಬದಲಾದಾಗ, ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನಿಗೆ ನೋಟಿಸು ಮತ್ತು ಪರಿಹಾರ ಸಲ್ಲಬೇಕಿತ್ತು. ಪರಿಹಾರ ವರ್ಷಕ್ಕೆ 15 ದಿನದ ಸರಾಸರಿ ವೇತನದ ಲೆಕ್ಕ. ಸರ್ವೀಸ್ ಮುರಿಯದೆ, ಕರಾರು ಮೊದಲಿಗಿಂತ ಕೆಳಗಿಳಿಯದೆ, ಮುಂದೆ ತೆಗೆದುಹಾಕಿದರೆ ಹಳೇ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕನದಾದರೆ ಮಾತ್ರ ಇದು ಬೇಕಿರಲಿಲ್ಲ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯದೂ ಇದೇ ಧಾಟಿ. ಅಂದರೆ ಅಲ್ಲಿ ‘ಸಮೇತ’ವೇ ನಿಯಮ, ಇಲ್ಲಿ ಪರಿಹಾರ ನಿಯಮ, ‘ಸಮೇತ’ ಅದಕ್ಕೊಂದು ವಿನಾಯಿತಿ. ಎರಡಕ್ಕೂ ಒಂದೇ ಪದ ಸಾಲದೇನೋ.

ಕಾರ್ಖಾನೆ, ಯೂನಿಯನ್ನುಗಳ ಒಡನಾಟ ಇರುವವರು ಹೇಳಿ: ಏಜೆನ್ಸಿ ಬದಲಾಗಿ ಜನ ಅಲ್ಲೇ ಉಳಿದಾಗ ನಿಮ್ಮ ಕಡೆ ಅದಕ್ಕೆ ಏನಂತಾರೆ?