ಪಿಎಫ್ ಪಿಂಚಣಿ 58ಕ್ಕೋ 60ಕ್ಕೋ? ಮನೆ ಕಂದಾಯದಲ್ಲಿ ಅರ್ಧ ಬಿಡ್ತಾರಾ?

ಪ್ರಶ್ನೆ (ಮಡಿಕೇರಿ): ನಮಸ್ಕಾರ ಮೇಡಂ. ನಾನು ಮಾಜಿ ಸೈನಿಕ. 2015ರ ಜೂನ್‌ನಿಂದ ಕುಶಾಲನಗರದ ಕಾಫಿ ಕ್ಯೂರಿಂಗ್ ಒಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಸೇರುವಾಗ 12 ಸಾವಿರ ಇತ್ತು, ಬೇಸಿಕ್ 15 ಸಾವಿರ ದಾಟಿ ಆರು ವರ್ಷವಾಯಿತು. 2026ರ ಜೂನ್‌ಗೆ 58 ತುಂಬುತ್ತದೆ. ಇನ್ನೆರಡು ವರ್ಷ ಇರಿ ಅಂತ ಮಾಲೀಕರು ಹೇಳಿದ್ದಾರೆ. ಪಿಎಫ್ ಪಿಂಚಣಿ ಈಗಲೇ ತಗೊಳ್ಳಲಾ, 60ರವರೆಗೆ ಕಾಯಲಾ? ಇನ್ನೊಂದು, ಮಾಜಿ ಸೈನಿಕರಿಗೆ ಮನೆ ಕಂದಾಯ ಅರ್ಧ ಅಂತಾರೆ, ನಿಜವಾ? ಮೇಲಿನ ಎರಡು ರೂಮು ಹೋಂಸ್ಟೇಗೆ ಬಿಟ್ಟಿದ್ದೇನೆ.

ಉತ್ತರ (ಪಿಎಫ್, ತೆರಿಗೆ ಸಲಹೆಗಾರ್ತಿ): ನಮಸ್ಕಾರ ಸರ್. ಪಿಂಚಣಿಯ ಲೆಕ್ಕ ಸುಲಭ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಸಂಬಳಕ್ಕೆ ಮಿತಿ 15,000. ನಿಮ್ಮದು 11 ವರ್ಷ, ಹಾಗಾಗಿ ತಿಂಗಳಿಗೆ ಸುಮಾರು 2,357 ರೂ.

ಕಾದರೆ ವರ್ಷಕ್ಕೆ 4% ಏರುತ್ತದೆ, ನಿಜ. ಆದರೆ ಸುಮ್ನೆ ಕಾದರೆ ಎರಡು ವರ್ಷಕ್ಕೆ ಏರುವುದು ಸುಮಾರು 190 ರೂ. ಅಷ್ಟರಲ್ಲಿ ಕೈತಪ್ಪುವುದು 24 ತಿಂಗಳ ಪಿಂಚಣಿ, 56 ಸಾವಿರದ ಮೇಲೆ. ಅದು ವಾಪಸ್ ಬರುವಾಗ ನಿಮಗೆ 85 ಆಗಿರುತ್ತದೆ!

ಪಿಂಚಣಿ ನಿಧಿಗೆ ವಂತಿಗೆ ಕಟ್ಟುತ್ತಾ ಕಾಯುವುದು ಬೇರೆ ಮಾತು. ಆಗ ಸರ್ವೀಸ್ 13 ವರ್ಷ, ಪಿಂಚಣಿ 3,000 ದಾಟುತ್ತದೆ. ಆದರೆ ತಿಂಗಳಿಗೆ 1,250 ರೂ. ನಿಮ್ಮ ಪಿಎಫ್ ಖಾತೆಗೆ ಬೀಳುವ ಬದಲು ಪಿಂಚಣಿ ನಿಧಿಗೆ ಹೋಗುತ್ತದೆ. ಕೈತಪ್ಪಿದ ಪಿಂಚಣಿ, ಈ ವಂತಿಗೆ ಎರಡೂ ಸೇರಿಸಿದರೆ ನಿಮ್ಮ 71ರ ಸುಮಾರಿಗೆ ಸರಿಹೋಗುತ್ತದೆ. ಅಂದಹಾಗೆ, 58ಕ್ಕೆ ಪಿಂಚಣಿ ತಗೊಂಡೂ ಕೆಲಸ ಮುಂದುವರಿಸಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆ ಖರ್ಚಿಗೆ ಸೈನ್ಯದ ಪಿಂಚಣಿ, ಸಂಬಳ ಸಾಕಾಗಿ, ಆರೋಗ್ಯವೂ ಗಟ್ಟಿ ಇದ್ದರೆ ವಂತಿಗೆ ಕಟ್ಟಿ ಕಾಯಿರಿ. ಇಲ್ಲವಾದರೆ 58ಕ್ಕೇ ಪಿಂಚಣಿ ಅರ್ಜಿ, ಅಂದ್ರೆ 10ಡಿ ಫಾರ್ಮ್ ಹಾಕಿ. ಸುಮ್ನೆ ಕಾಯುವುದು ಮಾತ್ರ ಬೇಡವೇ ಬೇಡ.

ಕಂದಾಯದ್ದು ನಿಜ. ನೀವೇ ವಾಸವಿರುವ ಮನೆಗೆ 50% ರಿಯಾಯಿತಿ ಇದೆ. ಹೋಂಸ್ಟೇ ರೂಮುಗಳಿಗೆ ಅದನ್ನು ಕೇಳಬೇಡಿ, ಅದು ವ್ಯಾಪಾರ ಅಲ್ವಾ. ಡಿಸ್ಚಾರ್ಜ್ ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ ಹಿಡಿದು ನಗರಸಭೆಗೆ ಅರ್ಜಿ ಕೊಡಿ. ಕಂದಾಯವನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ಕಡಿತ. ಜುಲೈ ಬಂದರೆ ತಿಂಗಳಿಗೆ 2% ದಂಡ. ಮಳೆ ನಿಲ್ಲಲಿ ಅಂತ ಕೂತರೆ ದುಬಾರಿ.

ಪ್ರಶ್ನೆ (ವಿರಾಜಪೇಟೆ): ಮೇಡಂ, ನನಗೆ 53. ತೋಟದ ಆಫೀಸಿನ ಕೆಲಸ ಬಿಟ್ಟೆ, 16 ವರ್ಷ ಸರ್ವೀಸ್. ಈಗಲೇ ಪಿಂಚಣಿ ಸಿಗುತ್ತದಾ?

ಉತ್ತರ: ಸಿಗುತ್ತದೆ, 10 ವರ್ಷ ದಾಟಿದ್ದರೆ 50ರಿಂದಲೇ. ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ಅಷ್ಟು ಸಲ 4% ಕಡಿತ, ಅದೂ ಜೀವನಪೂರ್ತಿ. ತೀರಾ ಕಷ್ಟವಿದ್ದರೆ ಮಾತ್ರ ಕೈ ಹಾಕಿ ಅಣ್ಣ.

ಮೊದಲಿನ ಪ್ರಶ್ನೆಯವರು: ತುಂಬಾ ಉಪಕಾರವಾಯಿತು ಮೇಡಂ. ಈಗ ಹಳೇ ರಸೀದಿ ತೆಗೆದು ನೋಡಿದೆ. ಅದರಲ್ಲಿ ಇನ್ನೂ ನಮ್ಮಪ್ಪನ ಹೆಸರೇ ಇದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಉತ್ತರ: ಹಾಗಿದ್ದರೆ ಮೊದಲು ಮನೆಯ ಖಾತೆ ನಿಮ್ಮ ಹೆಸರಿಗೆ ಬದಲಾವಣೆ ಆಗಬೇಕು ಸರ್. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯೂ ಬೇಕು. ಮನೆ ನಿಮ್ಮ ಹೆಸರಿಗೆ ಬರದೆ ಸೈನಿಕರ ರಿಯಾಯಿತಿ ಕೇಳಲು ಆಗುವುದಿಲ್ಲ. ಈ ಏಪ್ರಿಲ್‌ಗೆ ಅಪ್ಪನ ಹೆಸರಲ್ಲೇ ಪೂರ್ತಿ ಕಟ್ಟಿಬಿಡಿ, ಆ 5% ಆದರೂ ಉಳಿಯಲಿ.